ಕಂತಿಯ ಮೇಲಿನ ಚುಕ್ಕೆ

1991ರ ಶ್ರಾವಣದಲ್ಲಿ ನಾನು ಲಿಂಗಪೂಜೆಗೆ ಕೂತದ್ದು ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂಬ ಕಾರಣಕ್ಕೆ. ಭಕ್ತಿಗಿಕ್ತಿ ಏನೂ ಇರಲಿಲ್ಲ. ವಯಸ್ಸು ಇಪ್ಪತ್ನಾಲ್ಕು. ಕಲಬುರಗಿ ಆಗಿನ್ನೂ ಗುಲಬರ್ಗಾ. ಅಲ್ಲಿನ ಒಂದು ದಾಲ್ ಮಿಲ್ಲಿನಲ್ಲಿ ಗುಮಾಸ್ತಿಕೆ. ಕೋಟನೂರಿನಿಂದ ಜೇವರ್ಗಿ ರಸ್ತೆ ಹಿಡಿದು ಸೈಕಲ್ ಮೇಲೆ ಹೋಗುವುದು, ರಾತ್ರಿ ತಲೆ ತುಂಬ ತೊಗರಿ ಧೂಳು ಹೊತ್ತು ವಾಪಸಾಗುವುದು. ಕೊರಳಲ್ಲಿ ಲಿಂಗ ಕೂಸಿದ್ದಾಗಿನಿಂದ ಇತ್ತು. ಕರಡಿಗೆಯ ಮುಚ್ಚಳ ತೆಗೆಯುತ್ತಿದ್ದದ್ದು ಮಾತ್ರ ಹಬ್ಬಕ್ಕೊಮ್ಮೆ.

ಊರಿನ ಅಯ್ಯನವರೊಬ್ಬರ ಹತ್ತಿರ ಹೋದೆ. ನಮಗೆಲ್ಲ ಅವರು ಮುತ್ಯಾ. ಅವರು ಹೇಳಿಕೊಟ್ಟದ್ದು ಐದು ನಿಮಿಷದ ಪಾಠ. ಫರಸಿ ಮೇಲೆ ಕಂಬಳಿ ಹಾಸಿ ಕೂಡು. ಬಲಗೈಯಿಂದ ವಿಭೂತಿ ಹಚ್ಚಿಕೊ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಕಣ್ಣಿನ ನೇರಕ್ಕೆ ಹಿಡಿ. ಭುಜದ ಹಿಂದೆ ಒಂದು ದೀಪ. ಲಿಂಗದ ಮೇಲಿನ ಕಂತಿ ಇದೆಯಲ್ಲ, ಸಗಣಿಯ ಬೂದಿಯನ್ನು ಎಣ್ಣೆಯಲ್ಲಿ ಕಲಸಿ ಒಳಗಿನ ಕಲ್ಲಿಗೆ ಹೊದಿಸುವ ಕಪ್ಪು ಲೇಪ, ಅದು ಕನ್ನಡಿಯಷ್ಟು ನುಣುಪು. ದೀಪದ ಕುಡಿ ಅದರ ಮೇಲೆ ಸಾಸಿವೆ ಕಾಳಿನಷ್ಟು ಚುಕ್ಕೆಯಾಗಿ ಬೀಳುತ್ತದೆ. ಆ ಚುಕ್ಕೆಯನ್ನು ರೆಪ್ಪೆ ಬಡಿಯದೆ ನೋಡುವುದು. ಅಷ್ಟೇ ಪಾಠ.

ಗ್ರಂಥಾಲಯದಿಂದ ತಂದ ಪುಸ್ತಕಗಳನ್ನು ಅಷ್ಟರಲ್ಲಾಗಲೇ ಓದಿ ತಲೆ ಕೆಡಿಸಿಕೊಂಡಿದ್ದೆ. ಕುಂಡಲಿನಿ, ಚಕ್ರ, ನಾದ, ಏನೇನೋ. ಕೂತ ಮೇಲೆ ಗೊತ್ತಾದದ್ದು ಮೊಣಕಾಲಿನ ನೋವು, ಬಚ್ಚಲಿನ ಸೊಳ್ಳೆ, ಎಡಗೈಯ ಜೋಮು. ಒಂಬತ್ತನೆಯ ದಿನ ಚುಕ್ಕೆಯ ಸುತ್ತ ನೀಲಿ ಬಳೆ ಕಂಡಿತು. ಕಣ್ಣಿಂದ ಧಾರೆ ಧಾರೆ ನೀರು. ಅಂಗಿಯನ್ನೂ ಹಾಕಿಕೊಳ್ಳದೆ ಮುತ್ಯಾನ ಮನೆಗೆ ಓಡಿದೆ.

"ನೀಲಿ ಬೆಳಕ ಕಾಣಸ್ತು ಮುತ್ಯಾ. ಅಳು ತಡೀಲಿಲ್ಲ ನೋಡ್ರಿ."

"ನಿನ್ನಿ ಮಿಲ್ಲು ಎಷ್ಟೊತ್ತಿನ ತನಾ ನಡೀತು?"

"ರಾತ್ರಿ ಒಂಬತ್ತರ ತನಾ ರಿ."

"ತೊಗರಿ ಧೂಳಿನ ನೀರದು. ಕಣ್ಣ ತೊಳಕೊಂಡು ಕೂಡು ತಮ್ಮಾ."

ಸಿಟ್ಟು ಬಂತು. ಮನಸ್ಸಿಲ್ಲದ ಮನಸ್ಸಿನಿಂದ ಮರುದಿನ ಕಣ್ಣು ತೊಳೆದು ಕೂತೆ. ನೀಲಿ ಬಳೆ ಬರಲಿಲ್ಲ. ಇನ್ನೊಂದು ದಿನ ದೀಪಕ್ಕೆ ಎಣ್ಣೆ ಇರದೆ ಟ್ಯೂಬ್‌ಲೈಟ್ ಹಾಕಿದೆ. ಚುಕ್ಕೆಯ ಬದಲು ಕಂತಿಯ ಮೇಲೆ ಬಿಳಿ ಗೆರೆಯೊಂದು ಹುಳುವಿನ ಹಾಗೆ ಡೊಂಕಾಗಿ ಮಲಗಿತ್ತು. ಅದನ್ನೂ ಏನೋ ಸೂಚನೆ ಎಂದುಕೊಂಡು ಅರ್ಧ ತಾಸು ನೋಡಿದೆನಲ್ಲ, ಈಗ ನೆನೆದರೆ ನಗು ಬರುತ್ತದೆ.

ಸಂಕ್ರಾಂತಿಯ ಹೊತ್ತಿಗೆ ಹೊಸ ತೊಗರಿ ಬರತೊಡಗಿತು. ಅಷ್ಟು ಹೊತ್ತಿಗೆ ನಾನು ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೀಟು ಎಳೆಯುತ್ತ ನೂರು ದಾಟಿದ್ದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಎರಡನ್ನಾದರೂ ದಾಟಿರಬೇಕು ಎಂಬ ಗುಮಾನಿ. ಕೇಳಿಯೇಬಿಟ್ಟೆ.

ಮುತ್ಯಾ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನೂರು ಕಿಲೋ ತೊಗರಿಗಿ ಚೀಟಿ ಮ್ಯಾಲ ಎಷ್ಟು ಬರೀತಿ?"

"ತೊಂಬತ್ತೆಂಟು ರಿ."

"ಆ ಎರಡು ಕಿಲೋ ಯಾವ ಸ್ಥಲದಾಗ ಅದಾವ, ಮೊದಲು ಅದನ್ನ ನೋಡು."

ಕಸ, ತೇವ ಎಂದು ಮಾಲೀಕರು ಹೇಳುತ್ತಿದ್ದ ಲೆಕ್ಕ ಅದು. ಬರೆಯುತ್ತಿದ್ದದ್ದು ನನ್ನ ಬಲಗೈ, ಬೆಳಿಗ್ಗೆ ವಿಭೂತಿ ಹಚ್ಚಿದ್ದೇ. ಆ ಮಾತಿನಿಂದ ಮನುಷ್ಯ ಬದಲಾದ ಎಂದು ಬರೆದರೆ ಓದಲು ಚೆಂದ. ನಾನು ಮುಂದೆಯೂ ಮೂರು ವರ್ಷ ತೊಂಬತ್ತೆಂಟನ್ನೇ ಬರೆದೆ. 1995ರಲ್ಲಿ ಮಿಲ್ಲು ಬಿಟ್ಟದ್ದು ಬೇರೆ ಕಡೆ ಸಂಬಳ ಹೆಚ್ಚು ಸಿಕ್ಕಿತೆಂದು. ಆದರೆ ಆ ಮೂರು ವರ್ಷ ಚುಕ್ಕೆ ಸುಮ್ಮನೆ ನಿಲ್ಲಲಿಲ್ಲ, ಇದು ಮಾತ್ರ ನಿಜ. ಕೈ ನಡುಗುತ್ತಿತ್ತು. ಮೊದಲು ಇದನ್ನು ಜೋಮು ಎಂದುಕೊಂಡಿದ್ದೆ.

ನಮ್ಮ ಸೀಮೆಗೆ ಈ ಪಾಠ ಹೊಸದೇನಲ್ಲ. ಅರಳಗುಂಡಗಿಯಿಂದ ಕಲಬುರಗಿಗೆ ಬಂದು 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರನ್ನು ಜನ ನೆನೆಯುವುದು ದಾಸೋಹಕ್ಕೆ, ಹಸಿದು ಬಂದವರಿಗೆ ಹಾಕಿದ ಅನ್ನಕ್ಕೆ. ಅವರಿಗೆ ಯಾವ ಬಣ್ಣದ ಬೆಳಕು ಕಂಡಿತ್ತು ಎಂದು ಯಾರೂ ಕೇಳುವುದಿಲ್ಲ. ಹೋಳಿಯಾದ ಐದನೆಯ ದಿನ ಪ್ರತಿವರ್ಷ ತೇರಿಗೆ ಹೋಗುತ್ತಿದ್ದ ನನಗೆ ಇದು ಹೊಳೆದಿರಲಿಲ್ಲ.

2009ರಲ್ಲಿ ಸೇಡಂ ರಸ್ತೆಯ ಬುದ್ಧ ವಿಹಾರ ಉದ್ಘಾಟನೆಯಾದ ಮೇಲೆ ಕೆಲವು ತಿಂಗಳು ಅಲ್ಲಿಗೂ ಹೋಗಿ ಕೆಳಗಿನ ಧ್ಯಾನಮಂದಿರದಲ್ಲಿ ಕೂತೆ. ಅಲ್ಲಿ ಲಿಂಗವೂ ಇಲ್ಲ, ದೀಪವೂ ಇಲ್ಲ. ಮೂಗಿನ ತುದಿಯಲ್ಲಿ ಉಸಿರು ಬಂದುಹೋಗುವುದನ್ನು ಗಮನಿಸುವುದು. ಕಣ್ಣಿಗೆ ಕೆಲಸವಿಲ್ಲದ್ದರಿಂದ ನೀಲಿ ಬಳೆಯ ಆಸೆಯೂ ಇರಲಿಲ್ಲ. ನನಗೆ ಅದು ಹೆಚ್ಚು ಕಷ್ಟವಾಯಿತು. ಮನೆಯಿಂದ ದೂರವೂ ಆಯಿತು, ಬಿಟ್ಟೆ.

ಮುತ್ಯಾ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಕೋಟನೂರು ಈಗ ನಗರದ ಒಂದು ಮೂಲೆ. ಜೋಳ, ತೊಗರಿ ಬೆಳೆಯುತ್ತಿದ್ದ ಕರಿಮಣ್ಣಿನಲ್ಲಿ ಲೇಔಟಿನ ಕಲ್ಲು ನೆಟ್ಟಿದ್ದಾರೆ. ಮನೆಯ ಫರಸಿ ಕಿತ್ತು ಟೈಲ್ಸ್ ಹಾಕಿಸಿದೆವು. ಇದ್ದಿಲ ಗೀಟುಗಳು ಡಿಸ್ಟೆಂಪರ್ ಕೆಳಗೆ ಹೋದವು. ಮೊದಲಿನ ಹಾಗೆ ಒಂದೇ ಚುಕ್ಕೆ ಸಿಗುವುದೂ ಕಷ್ಟ. ಈಗ ಕಂತಿಯ ಮೇಲೆ ನಾಲ್ಕು ಬೀಳುತ್ತವೆ: ದೀಪದ್ದು, ಕಿಟಕಿಯಿಂದ ಬೀದಿದೀಪದ್ದು, ಇನ್ವರ್ಟರಿನ ಹಸಿರು, ವೈಫೈ ಡಬ್ಬಿಯದು.

ಈಗ ಮುತ್ಯಾ ಅನ್ನಿಸಿಕೊಳ್ಳುವವನು ನಾನು. ಹೋದ ತಿಂಗಳು ಅಣ್ಣನ ಮೊಮ್ಮಗ, ಎಂಜಿನಿಯರಿಂಗ್ ಓದುವ ಹುಡುಗ, ಫೋನ್ ತೋರಿಸಿದ. ಧ್ಯಾನದ ಆ್ಯಪ್. "ನಲವತ್ತು ದಿನಾ ಆಯ್ತು ನೋಡು ಮುತ್ಯಾ, ಒಂದೂ ಬಿಟ್ಟಿಲ್ಲ. ಮುಂದ ಏನು ಕಾಣಸ್ತದ?" ಹುಡುಗನ ಎಣಿಕೆಗೆ ನಗಲು ನನಗೆ ಹಕ್ಕಿಲ್ಲ, ಗೋಡೆ ಕೆರೆದರೆ ನನ್ನ ಗೀಟುಗಳು ಸಿಗುತ್ತವೆ. ತೂಕದ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅವನ ಕೈಗಿನ್ನೂ ತಕ್ಕಡಿ ಬಂದಿಲ್ಲವೆಂದು ಸುಮ್ಮನಾದೆ.

ನೀಲಿ ಬಳೆ ಮತ್ತೆ ಕಂಡಿಲ್ಲ. ಹೊಸದಾಗಿ ಕೂಡುವವರಿಗೆ ನಾನು ಖಾತ್ರಿಯಾಗಿ ಹೇಳಬಲ್ಲದ್ದು ಇಷ್ಟು: ಕಣ್ಣು ತೊಳೆದುಕೊಳ್ಳಿ, ಟ್ಯೂಬ್‌ಲೈಟ್ ಆರಿಸಿ, ದೀಪ ಒಂದೇ ಇಟ್ಟುಕೊಳ್ಳಿ. ಎರಡಿದ್ದರೆ ಯಾವುದನ್ನು ನೋಡುವುದು ಎಂಬುದರಲ್ಲೇ ಅರ್ಧ ತಾಸು ಹೋಗುತ್ತದೆ.