ಎಡಗೈಯ ಕುಡುಗೋಲು

ರಾಯದುರ್ಗಕ್ಕೆ ಬರುವ ನೆಂಟರಿಷ್ಟರನ್ನು ಬೆಟ್ಟಕ್ಕೆ ಕರೆದೊಯ್ದು, ಕೋಟೆಯ ಬಾಗಿಲನ್ನೂ ದಶಭುಜ ಗಣಪತಿಯನ್ನೂ ತೋರಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವುದು ವಾಡಿಕೆ. ಮಡಕಶಿರದ ಕಡೆಯವರಾದರೆ ಹೇಮಾವತಿಯ ಗುಡಿಗಳನ್ನು ತೋರಿಸುವರು. ಈ ಸಲದ ಬೇಸಿಗೆಯ ರಜೆಯಲ್ಲಿ ನಾವು ಈ ಎರಡು ಸೀಮೆಗಳಲ್ಲಿ ಕೆಲವು ದಿನ ತಿರುಗಾಡಿದೆವಾದರೂ ಹುಡುಕಿಕೊಂಡು ಹೊರಟದ್ದು ಕೋಟೆಯನ್ನಲ್ಲ, ಗುಡಿಯನ್ನಲ್ಲ, ಕುಲುಮೆಗಳನ್ನು.

ಇದಕ್ಕೆ ಕಾರಣ ನಮ್ಮ ಮನೆಯ ಈಳಿಗೆಮಣೆ. ನಮ್ಮ ತಾಯಿಯವರ ಕಾಲದ ಈಳಿಗೆ ಸವೆದು ಸವೆದು ಬಾಳೆಯ ಸುಳಿಯಂತಾಗಿ ಕೊನೆಗೆ ಮುರಿಯಿತು. ಅಂಗಡಿಯಿಂದ ಹೊಸದೊಂದನ್ನು ತಂದೆವು. ನೋಡಲು ಬೆಳ್ಳಿಯಂತೆ ಹೊಳೆಯುತ್ತಿತ್ತು. ಮೂರನೆಯ ದಿನ ಕುಂಬಳಕಾಯಿಗೆ ಸೋತು ಬಾಗಿತು. ‘ಹೊಳಪು ನೋಡಿ ತಂದಿರಿ, ಹದ ನೋಡಲಿಲ್ಲ’ ಎಂದು ಮನೆಯವರು ಅಂದ ಮಾತು ನ್ಯಾಯವಾದುದೇ ಆಗಿತ್ತು. ಮಾರನೆಯ ದಿನವೇ ಚೀಲ ಹಿಡಿದು ಹೊರಟೆವು.

ರಾಯದುರ್ಗದಿಂದ ಡಿ. ಹಿರೇಹಾಳಿನ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮಗೆ ಬಹುಕಾಲದಿಂದ ಪರಿಚಯವಿರುವ ಆಚಾರಿಯೊಬ್ಬರಿದ್ದಾರೆ. ಊರ ಹೊರಗಿನ ಬೇವಿನ ಮರದಡಿ ಅವರ ಕುಲುಮೆ. ತೊಗಲಿನ ತಿದಿ ಹೋಗಿ ಕೈಯಿಂದ ತಿರುಗಿಸುವ ಗಾಳಿಯಂತ್ರ ಬಂದಿದೆ. ಅಡಿಗಲ್ಲು ಮಾತ್ರ ಅಜ್ಜನ ಕಾಲದ್ದು. ಇದ್ದಿಲು ಬಳ್ಳಾರಿ ಜಾಲಿಯದು. ಬೇಡವೆಂದರೂ ಹೊಲ ಗಟ್ಟೆಗಳಲ್ಲೆಲ್ಲ ಹಬ್ಬಿದ ಆ ಮುಳ್ಳುಗಿಡದಿಂದ ಉಪಕಾರ ಪಡೆದವರಲ್ಲಿ ಕಮ್ಮಾರರೂ ಸೇರಿದ್ದಾರೆ. ಕಬ್ಬಿಣವೋ, ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ. ಮನೆ ಕಟ್ಟುವ ಮೆದು ಕಬ್ಬಿಣದಲ್ಲಿ ಇಂಗಾಲದ ಅಂಶ ನೂರರಲ್ಲಿ ಕಾಲು ಭಾಗವೂ ಇರುವುದಿಲ್ಲ. ಆದ್ದರಿಂದ ಎಷ್ಟು ಕಾಯಿಸಿ ನೀರಿಗದ್ದಿದರೂ ಅದು ಅಲಗಿಗೆ ಬೇಕಾದ ಗಡಸು ತಾಳದು. ಲಾರಿಯ ಪಟ್ಟಿಯಲ್ಲಿ ಅದು ಅರ್ಧ ಭಾಗಕ್ಕೂ ತುಸು ಹೆಚ್ಚಿರುತ್ತದೆ. ಆಚಾರಿಯವರು ಈ ಲೆಕ್ಕವನ್ನು ಓದಿದವರಲ್ಲ. ಸಾಣೆಗೆ ಹಿಡಿದಾಗ ಹಾರುವ ಕಿಡಿಯ ಕವಲು ನೋಡಿ, ‘ಇದು ಹದ ತಗೊಳ್ತದೆ, ಇದು ತಗೊಳಲ್ಲ’ ಎಂದು ಬೇರ್ಪಡಿಸುತ್ತಾರೆ.

ನಾವು ಹೋದಾಗ ನಡುಮಧ್ಯಾಹ್ನ. ಕುರಿಗಾರರ ಕೊಡಲಿಯೊಂದನ್ನು ಬಡಿದು ರೂಪಕ್ಕೆ ತಂದು ಪಕ್ಕಕ್ಕಿಟ್ಟಿದ್ದರು. ಹದ ಹಾಕುವುದನ್ನು ನೋಡಬೇಕೆಂದೆವು. ‘ಸಂಜೆ ತನಕ ಕೂಡ್ರಿ ಮೇಷ್ಟ್ರೆ, ಬಿಸಿಲಾಗ ಬಣ್ಣ ಸುಳ್ಳು ಹೇಳ್ತದೆ’ ಎಂದರು. ಕುಳಿತೆವು. ಹೊತ್ತು ಇಳಿದು ಕುಲುಮೆಯೊಳಗೆ ಮಬ್ಬು ಕವಿದ ಮೇಲೆ ಕೊಡಲಿಯನ್ನು ಕೆಂಡದಲ್ಲಿಟ್ಟು, ಹಣ್ಣಾದ ಚೆರ್ರಿಯ ಕೆಂಪು ಬಂದೊಡನೆ (ಈ ಹೋಲಿಕೆ ಪುಸ್ತಕದ್ದು, ಆಚಾರಿಯವರು ಅದಕ್ಕೆ ದಾಸವಾಳದ ಬಣ್ಣವೆನ್ನುತ್ತಾರೆ) ಬಾಯಿಯ ಅಂಚನ್ನು ಮಾತ್ರ ನೀರಿಗದ್ದಿದರು. ಹೊರತೆಗೆದು ಕಲ್ಲಿನಿಂದ ಸರಸರನೆ ಉಜ್ಜಿ ಹೊಳಪು ಬರಿಸಿದರು. ಹಿಂಬದಿಯಲ್ಲಿ ಉಳಿದಿದ್ದ ಕಾವು ಮೆಲ್ಲನೆ ಅಂಚಿನತ್ತ ಹರಿಯತೊಡಗಿತು. ಆ ಹೊಳಪಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಆಮೇಲೆ ನವಿಲುಗತ್ತಿನ ನೀಲಿ, ಒಂದನ್ನೊಂದು ಅಟ್ಟಿಸಿಕೊಂಡು ಬಂದವು. ನೇರಳೆಯು ಅಂಚನ್ನು ಮುಟ್ಟಿದ ಕ್ಷಣದಲ್ಲೇ ಇಡಿಯ ಕೊಡಲಿ ನೀರಿಗಿಳಿಯಿತು.

ಹುಲ್ಲಿನ ಬಣ್ಣದಲ್ಲೇ ನಿಲ್ಲಿಸಿದರೆ ಅಲಗು ಹೆಚ್ಚು ಗಡಸು. ಚಾಕುವಿಗೆ ಒಳ್ಳೆಯದು, ಆದರೆ ಕೊಡಲಿಯಾದರೆ ಮರದ ಗಂಟಿಗೆ ತಾಗಿದಾಗ ಸಿಡಿಯುತ್ತದೆ. ನೀಲಿಗೆ ಬಿಟ್ಟರೆ ಸಿಡಿಯದು, ಆದರೆ ಬಾಯಿ ಬೇಗ ಮೊಂಡಾಗುತ್ತದೆ. ಹುಲ್ಲಿನ ಬಣ್ಣಕ್ಕೂ ನೀಲಿಗೂ ನಡುವಿನ ಅಂತರ ಸುಮಾರು 70 ಡಿಗ್ರಿ ಸೆಂಟಿಗ್ರೇಡಿನಷ್ಟು. ಆ ಬಣ್ಣಗಳು ಹಾದುಹೋಗಲು ಹಿಡಿಯುವ ಕಾಲ ಕೆಲವೇ ಉಸಿರು. ಅಷ್ಟರಲ್ಲಿ ಆ ಕೊಡಲಿ ಯಾರ ಕೈಗೆ ಹೋಗುವುದು, ಆತ ಯಾವ ಮರದ ಸೊಪ್ಪು ಕಡಿಯುವನು, ಮುದುಕನೋ ಹುಡುಗನೋ ಎಂಬುದೆಲ್ಲವನ್ನೂ ಆಚಾರಿಯವರು ಲೆಕ್ಕ ಹಾಕಿ ಆಗಿರುತ್ತದೆ.

ಈ ಸೀಮೆಗೆ ಈ ವಿದ್ಯೆ ಹೊಸದಲ್ಲ. ಮಡಕಶಿರಕ್ಕೆ ದೂರವಲ್ಲದ ಮಧುಗಿರಿ ಪ್ರಾಂತದಲ್ಲಿ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆದು, ಅದನ್ನು ಮಣ್ಣಿನ ಮೂಸೆಗಳಲ್ಲಿ ಉಕ್ಕಾಗಿಸುತ್ತಿದ್ದುದನ್ನು 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಬರೆದಿಟ್ಟಿದ್ದಾನೆ. ಮೂಸೆಯಲ್ಲಿ ಕಬ್ಬಿಣದ ತುಂಡುಗಳೊಡನೆ ಹಾಕುತ್ತಿದ್ದುದು ನಮ್ಮ ಬಯಲುಗಳಲ್ಲಿ ಹಳದಿ ಹೂ ಬಿಡುವ ತಂಗಡಿಯ ಕಡ್ಡಿ ಮತ್ತು ಹಸಿರೆಲೆ. ಇಂಗ್ಲಿಷರು ಈ ಉಕ್ಕನ್ನು ‘ವೂಟ್ಜ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ವಿದ್ವಾಂಸರಲ್ಲಿ ಅನೇಕರ ಮತ. ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟನು ಇದಕ್ಕೆ ಮನಸೋತು, 1819ರ ಸುಮಾರಿನಿಂದ ಮೈಕೆಲ್ ಫ್ಯಾರಡೆಯೊಡನೆ ಸೇರಿ ಇದರ ಗುಟ್ಟನ್ನು ಅರಿಯಲು ಪ್ರಯೋಗಗಳನ್ನು ನಡೆಸಿದನು. ಸ್ಟೋಡಾರ್ಟನ ಹೆಸರು ಉಳಿದಿದೆ, ಫ್ಯಾರಡೆಯ ಹೆಸರಂತೂ ನಮ್ಮ ಶಾಲೆಯ ಪಾಠದಲ್ಲೇ ಇದೆ. ಮೂಸೆಯನ್ನು ಕೆಂಡದಿಂದ ಎತ್ತಿದವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1624ರಲ್ಲೇ ಚಾಕು ಮಾಡುವವರ ಸಂಘವು ಕಾಯಿದೆಯ ಮೂಲಕ ಸ್ಥಾಪಿತವಾಗಿ, ಒಬ್ಬೊಬ್ಬ ಕಸುಬುದಾರನ ಮುದ್ರೆಯನ್ನೂ ದಾಖಲು ಮಾಡತೊಡಗಿತು. ಜಪಾನಿನ ಕತ್ತಿಗಾರರು ಹಿಡಿಯೊಳಗೆ ಅಡಗುವ ಬಾಲದ ಮೇಲೆ ತಮ್ಮ ಹೆಸರನ್ನು ಕೆತ್ತುವರು. ‘ನೀವೂ ಒಂದು ಗುರುತು ಹೊಡೆಯಬಾರದೆ?’ ಎಂದು ಆಚಾರಿಯವರನ್ನು ಕೇಳಿದೆವು. ಅವರು ನಕ್ಕು, ‘ಹೆಸರು ಹೊಡೆದ್ರೆ ಹದ ಬರ್ತದಾ ಮೇಷ್ಟ್ರೆ? ಕೆಟ್ರೆ ಜನ ಸೀದಾ ಮನಿಗೇ ಬರ್ತಾರೆ, ವಿಳಾಸ ಗೊತ್ತೈತಲ್ಲ’ ಎಂದರು. ತಮ್ಮ ಹೆಸರನ್ನು ಪತ್ರಿಕೆಯಲ್ಲಿ ಹಾಕಬಾರದೆಂದೂ ಕೇಳಿಕೊಂಡರು. ಅವರ ಹೆಸರು ನಾಲ್ಕು ಜನಕ್ಕೆ ತಿಳಿಯಲೆಂದೇ ಈ ಲೇಖನವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದ ನಮಗೆ ಇದು ಇಕ್ಕಟ್ಟಾಯಿತಾದರೂ ಮಾತಿಗೆ ಒಪ್ಪಿದೆವು.

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿವರೆಗೆ ಸಹಾಯವುಂಟು. ಇಕ್ಕಳ, ಸುತ್ತಿಗೆಗಳನ್ನು ತಾನೇ ಮಾಡಿಕೊಳ್ಳುವವನಿಗೆ ಇಕ್ಕಳ, ಸುತ್ತಿಗೆ ಕೊಳ್ಳಲು ಹಣವೆಂಬುದು ಅವರಿಗೆ ವಿನೋದವಾಗಿ ತೋರಿದೆ. ಅವರಿಗೆ ಬೇಕಾದುದು ಸಮ್ಮಟಿಗೆ ಹೊಡೆಯುವ ಎರಡು ತೋಳು. ಮಗ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಡೆ ಸೇರಿದ್ದಾನೆ. ನೆರಳಿನ ಕೆಲಸ, ವಾರಕ್ಕೆ ಸರಿಯಾಗಿ ಹಣ. ತಪ್ಪೆಂದು ನಾವು ಹೇಳಲಾರೆವು; ನಮ್ಮ ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ.

ಈಳಿಗೆಯ ಮಾತು ತೆಗೆದಾಗ ಆಚಾರಿಯವರು ಎದ್ದು ಗೂಡಿನಿಂದ ಒಂದು ಚಿಕ್ಕ ಕತ್ತಿಯನ್ನು ತಂದು ನಮ್ಮ ಕೈಗಿಟ್ಟರು. ‘ಇದು ನಮ್ ಭಾವಂದು. ಮಡಕಶಿರದ ಕಡೆ. ನೋಡ್ರಿ, ಬಡಿದ ಗುರುತು ಎಲ್ಲೂ ಕಾಣಲ್ಲ. ಈಳಿಗೆ, ಕುಡುಗೋಲು ಅಂದ್ರೆ ಅವರ ಕೈ. ನನ್ನ ಕೈಗೆ ಕೊಡಲಿ, ಗುಳ, ಕಳೆ ತೆಗೆಯೋ ಕುರ್ಚಿಗಿ.’ ಮುದ್ರೆಯಿಲ್ಲದ ಆ ಕತ್ತಿಯನ್ನು ಸಂತೆಯಲ್ಲಿ ಸಾವಿರ ಕತ್ತಿಗಳ ನಡುವೆ ಹಾಕಿದರೂ ಗುರುತಿಸುವೆನೆಂದು ಹೇಳಿದರು. ಕೆಲಸಗಾರನ ಹಿರಿಮೆಯನ್ನು ಇನ್ನೊಬ್ಬ ಕೆಲಸಗಾರನು ಹೀಗೆ ನಿರ್ಮತ್ಸರನಾಗಿ ಹೇಳುವುದನ್ನು ನಾವು ನಮ್ಮ ಉಪಾಧ್ಯಾಯ ವರ್ಗದಲ್ಲಿ ಅಷ್ಟಾಗಿ ಕೇಳಿಲ್ಲ.

ಎರಡು ದಿನ ಬಿಟ್ಟು ಕಲ್ಯಾಣದುರ್ಗದ ಮೇಲೆ ಮಡಕಶಿರದ ದಾರಿ ಹಿಡಿದೆವು. ನಡುವೆ ಪಾವಗಡದಲ್ಲಿ ಬಸ್ಸು ಬದಲಾಯಿಸಿದಾಗ ಕರ್ನಾಟಕ, ಮತ್ತೆ ಸ್ವಲ್ಪ ದೂರಕ್ಕೆ ಆಂಧ್ರ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗವನ್ನು ತೆಗೆದು ಅನಂತಪುರಕ್ಕೆ ಸೇರಿಸಿದರು. 2022ರಲ್ಲಿ ಮಡಕಶಿರವನ್ನು ಅನಂತಪುರದಿಂದ ತೆಗೆದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ಗೆರೆಗಳು ಹೀಗೆ ಅತ್ತಿತ್ತ ಸರಿದರೂ ಭಾವಮೈದುನರ ನಂಟು ಸರಿದಿಲ್ಲ.

ಅಮರಾಪುರದ ಬಳಿ ಇಳಿದವರು ಹೇಮಾವತಿಯನ್ನು ನೋಡದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇದೇ. ಕರಿಕಲ್ಲಿನ ಕಂಬಗಳ ಮೇಲಿನ ಸೂಕ್ಷ್ಮವಾದ ಕುಸುರಿಯನ್ನು ಹಿಂದೆ ಎಷ್ಟೋ ಬಾರಿ ಕಂಡು ಶಿಲ್ಪಿಯನ್ನು ಹೊಗಳಿದ್ದೆವು. ಇಲ್ಲಿಂದ ಸಾಗಿಸಿದ ಶಿಲ್ಪಗಳು ಚೆನ್ನೈನ ವಸ್ತುಸಂಗ್ರಹಾಲಯದಲ್ಲಿಯೂ ಇವೆ. ಈ ಸಲ ಮಾತ್ರ ಬೇರೆ ಯೋಚನೆ ಬಂತು. ಇಂತಹ ಕಲ್ಲಿನ ಮೇಲೆ ಉಳಿಯ ಮೊನೆ ಒಂದು ದಿನವೂ ನಿಲ್ಲದು. ಪ್ರತಿ ಸಂಜೆ ಆ ಉಳಿಗಳನ್ನೆಲ್ಲ ಮತ್ತೆ ಕಾಯಿಸಿ, ಬಡಿದು, ಹದ ಹಾಕಿ ಬೆಳಗಿಗೆ ಒದಗಿಸಿದ ಒಂದು ಕುಲುಮೆ ಇಲ್ಲೇ ಎಲ್ಲೋ ಹೊಗೆಯಾಡಿರಬೇಕು.

ಭಾವನವರ ಕುಲುಮೆ ಅಲ್ಲಿಂದ ಕೆಲವು ಮೈಲಿ. ಆ ಊರು ನಮಗೆ ಹೊಸದಲ್ಲ. ತರಬೇತಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿದ್ದು ಅಲ್ಲಿಯ ಶಾಲೆಗೇ. ಮೂವತ್ತು ವರ್ಷದ ಹಿಂದಿನ ಮಾತು. ಸುತ್ತಲೂ ರಾಗಿ, ಹಿಪ್ಪುನೇರಳೆ, ಹುಣಸೆ. ನಾವು ಕುಲುಮೆಯ ಮುಂದೆ ಕುಳಿತಿರುವಾಗ ನಡುವಯಸ್ಸಿನ ಹೆಂಗಸೊಬ್ಬಳು ಕುಡುಗೋಲಿಗೆ ಹದ ಹಾಕಿಸಲು ಬಂದಳು. ನಮ್ಮನ್ನು ನೋಡಿದೊಡನೆ ಸೆರಗು ಸರಿಮಾಡಿಕೊಂಡು, ‘ನಮಸ್ಕಾರ ಸಾರ್, ಗುರ್ತು ಸಿಗಲಿಲ್ವಾ?’ ಎಂದಳು. ಸಿಗಲಿಲ್ಲ. ಕುಡುಗೋಲನ್ನು ಎಡಗೈಯಿಂದ ಆಚಾರಿಯವರತ್ತ ಚಾಚಿದಾಗ ಸಿಕ್ಕಿತು.

ಎರಡನೆಯ ತರಗತಿಯಲ್ಲಿ ಬಳಪವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದ ಹುಡುಗಿ. ಮಕ್ಕಳ ಮನಶ್ಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದು ಬಂದಿದ್ದ ನಾವು ಬಳಪವನ್ನು ಕಿತ್ತು ಬಲಗೈಗೆ ಕೊಡುತ್ತಿದ್ದೆವು. ಮಾತು ಕೇಳದಿದ್ದಾಗ ಬೆರಳ ಗೆಣ್ಣಿಗೆ ಅಡಿಕೋಲಿನಿಂದ ಹೊಡೆದದ್ದೂ ಉಂಟು. ಐದನೆಯ ತರಗತಿಗೆ ಅವಳು ಶಾಲೆ ಬಿಟ್ಟಳು. ಬಡತನ ಕಾರಣವೆಂದು ರಿಜಿಸ್ಟರಿನಲ್ಲಿ ಬರೆದವರು ನಾವೇ.

ಆಚಾರಿಯವರು ಅವಳ ಕುಡುಗೋಲನ್ನು ತಿರುವಿ ತೋರಿಸಿದರು. ಬಲಗೈಯ ಕುಡುಗೋಲಿಗೆ ನೆಲದತ್ತಿನ ಮೈ ಮಟ್ಟ, ಮೇಲಿನ ಮೈ ಓರೆ. ಅದನ್ನು ಎಡಗೈಯವರು ಹಿಡಿದರೆ ಓರೆ ಕೆಳಗಾಗಿ ಅಲಗು ನೆಲ ಬಿಟ್ಟು ಮೇಲಕ್ಕೆ ಜಾರುತ್ತದೆ. ಬುಡ ಸಿಗುವುದಿಲ್ಲ, ಮಣಿಕಟ್ಟು ಸೋಲುತ್ತದೆ. ಈ ಕುಡುಗೋಲಿನಲ್ಲಿ ಓರೆ ಇನ್ನೊಂದು ಮೈಗಿತ್ತು. ಅವಳು ಹನ್ನೆರಡರ ಹುಡುಗಿಯಾಗಿದ್ದಾಗ ರಾಗಿ ಕೊಯ್ಯಲಾರದೆ ಹಿಂದೆ ಬೀಳುತ್ತಿದ್ದುದನ್ನು ಈಗಿನ ಆಚಾರಿಯವರ ತಂದೆ ಹೊಲದ ಬದುವಿನಲ್ಲಿ ನಿಂತು ನೋಡಿದರಂತೆ. ಏನೂ ಹೇಳದೆ ಹೋಗಿ, ಮಾರನೆಯ ದಿನ ಇದನ್ನು ತಂದುಕೊಟ್ಟರಂತೆ. ಅಂದಿನಿಂದ ಇದೇ ಅಚ್ಚು; ಅಲಗು ಸವೆದಾಗ ತಂದೆ, ತಂದೆಯ ನಂತರ ಮಗ ಮಾಡಿಕೊಡುತ್ತಿದ್ದಾರೆ.

‘ಹೊಲದಾಗೆ ನನ್ನ ಸಾಲು ಯಾರೂ ಹಿಡಿಯಕ್ಕಾಗಲ್ಲ ಸಾರ್’ ಎಂದು ಅವಳು ನಕ್ಕಳು. ‘ಸಹಿ ಮಾತ್ರ ನೀವು ಹೇಳಿದಂಗೆ ಬಲಗೈಯಾಗೇ ಹಾಕ್ತೀನಿ. ಬ್ಯಾಂಕಿನಾಗೆ ಸೊಟ್ಟಗೆ ಐತೆ ಅಂತಾರೆ.’

ನಾವು ಏನೋ ಹೇಳಹೋಗಿ ಸುಮ್ಮನಾದೆವು. ಕುಡುಗೋಲು ಕೆಂಡದಿಂದ ಹೊರಬಂದು ನೀರಿನಲ್ಲಿ ಚುಯ್ಯೆಂದಿತು. ಅವಳು ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಹಣಕ್ಕೆ ಬದಲಾಗಿ ಸುಗ್ಗಿಯಲ್ಲಿ ರಾಗಿ ಅಳೆಯುವುದಾಗಿ ಹೇಳಿ ಹೊರಟುಹೋದಳು. ಆಯದ ಈ ಪದ್ಧತಿ ಆ ಊರಿನ ನಾಲ್ಕಾರು ಮನೆಗಳಲ್ಲಿ ಇನ್ನೂ ಉಳಿದಿದೆ.

ಆಮೇಲೆ ಆಚಾರಿಯವರು ನಮ್ಮ ಕೆಲಸಕ್ಕೆ ತಿರುಗಿದರು. ‘ಅಮ್ಮನೋರು ಮಣೆ ಮೇಲೆ ಯಾವ ಕಾಲು ಊರ್ತಾರೆ? ಬಲ ಮೊಣಕಾಲು ಮಡಿಸ್ತಾರಾ, ಎಡದ್ದಾ? ಎತ್ತರ ಎಷ್ಟು?’ ಮದುವೆಯಾಗಿ ಇಪ್ಪತ್ತೇಳು ವರ್ಷ, ದಿನಕ್ಕೆರಡು ಬಾರಿ ಆ ದೃಶ್ಯವನ್ನು ಕಂಡಿದ್ದೇವೆ. ಉತ್ತರ ಮಾತ್ರ ಗೊತ್ತಿರಲಿಲ್ಲ. ಮರದ ನೆರಳಿಗೆ ಹೋಗಿ ಮನೆಗೆ ಫೋನು ಮಾಡಿದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ‘ಇರಿ, ಕೂತು ನೋಡಿ ಹೇಳ್ತೀನಿ’ ಎಂದರು. ಮಣೆ ಎಳೆದ ಸದ್ದು ಕೇಳಿಸಿತು.