ದಂಡಿಗೆ ರೊಟ್ಟಿ ಬಡಿದವರಾರು?

ಮನುಷ್ಯನಿಗೆ ಹಿಡಿಯುವ ಹುಚ್ಚುಗಳು ನಾನಾ ಬಗೆ. ಒಬ್ಬನಿಗೆ ಇಸ್ಪೀಟಿನ ಹುಚ್ಚಾದರೆ ಇನ್ನೊಬ್ಬನಿಗೆ ನಾಟಕದ್ದು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿಗಾಗಿ ನಡೆಯುವ ಸಂಗೀತೋತ್ಸವಕ್ಕೆ ಹೋಗಿ, ಬೆಳಗಿನವರೆಗೆ ಕಣ್ಣು ಮುಚ್ಚದೆ ಕುಳಿತು, ಮರುದಿನ ಕಚೇರಿಯಲ್ಲಿ ತೂಕಡಿಸುವವರಿದ್ದಾರೆ. ಇವೆಲ್ಲವುಗಳಲ್ಲಿ ಇತಿಹಾಸದ ಹುಚ್ಚು ಬಹಳ ಸಾಧುವಾದದ್ದು. ಅದಕ್ಕೆ ಹಣ ಬೇಡ, ಜೊತೆಗಾರರು ಬೇಡ. ನಾಲ್ಕು ಹಳೆಯ ಪುಸ್ತಕಗಳೂ ಒಂದು ಕನ್ನಡಕವೂ ಇದ್ದರೆ ಸಾಕು. ಆದರೆ ಈ ಸಾಧು ಹುಚ್ಚಿನಲ್ಲಿಯೂ ಒಂದು ಉಗ್ರವಾದ ಕವಲುಂಟು. ಅದು ಯುದ್ಧಭೂಮಿಗಳ ಹುಚ್ಚು. ಜೀವಮಾನದಲ್ಲಿ ಒಂದು ಇಲಿಯನ್ನೂ ಹೊಡೆಯದ ಸಾತ್ವಿಕನು ಕುದುರೆಯ ದಂಡು ಎಡಬದಿಯಿಂದ ಬಂದಿತೋ ಬಲಬದಿಯಿಂದ ಬಂದಿತೋ ಎಂದು ನಡುರಾತ್ರಿಯವರೆಗೆ ಚಿಂತಿಸುತ್ತಾನೆ.

ಅಣ್ಣಿಗೇರಿಯ ನಿವೃತ್ತ ಮಾಸ್ತರರೊಬ್ಬರದು ಈ ಜಾತಿಯ ಹುಚ್ಚು. ಹೈಸ್ಕೂಲಿನಲ್ಲಿ ಮೂವತ್ತು ವರ್ಷಗಳ ಕಾಲ ಕದನಗಳ ಇಸವಿಗಳನ್ನು ಕರಿಹಲಗೆಯ ಮೇಲೆ ಬರೆದು, ಅಳಿಸಿ, ಮತ್ತೆ ಬರೆದವರು ಅವರು. ಆ ಊರುಗಳನ್ನು ಕಣ್ಣಾರೆ ಕಾಣುವ ಯೋಗ ಮಾತ್ರ ಬಂದಿರಲಿಲ್ಲ. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಮಗನು ದೊಡ್ಡದೊಂದು ಟೆಲಿವಿಷನ್ ತಂದು ಗೋಡೆಗೆ ತೂಗುಹಾಕಿ, ಅಂತರ್ಜಾಲದ ಸಂಪರ್ಕವನ್ನೂ ಕೊಡಿಸಿದ ಮೇಲೆ ಆ ಯೋಗ ಮನೆಯ ಪಡಸಾಲೆಗೇ ಬಂದಿಳಿಯಿತು. ರಾತ್ರಿಯ ಊಟ ಮುಗಿದು, ಎಲೆ ಅಡಿಕೆಯ ತಬಕು ಬಳಿಗೆ ಬಂದಿತೆಂದರೆ ಮಾಸ್ತರರ ದಿಗ್ವಿಜಯ ಮೊದಲಾಗುತ್ತದೆ.

ಈ ಕಾರ್ಯಕ್ರಮಗಳ ಕ್ರಮ ಹೆಚ್ಚುಕಡಿಮೆ ಒಂದೇ. ಮಾರ್ಗದರ್ಶಿಯೊಬ್ಬನು ಗಾಳಿಗೆ ಕೂದಲು ಹಾರಿಸಿಕೊಂಡು ಹುಲ್ಲುಗಾವಲಿನಲ್ಲಿ ನಿಲ್ಲುತ್ತಾನೆ. ಕೈಯಲ್ಲೊಂದು ನಕ್ಷೆ, ಹಿಂದೆ ಯಾವುದೋ ಚರ್ಚಿನ ಗೋಪುರ. ‘ನೀವೀಗ ನಿಂತಿರುವ ಜಾಗದಲ್ಲಿಯೇ’ ಎಂದು ಅವನು ಆರಂಭಿಸಿದನೆಂದರೆ ಏನೂ ಇಲ್ಲದ ಬಯಲು ತುಂಬಿಕೊಳ್ಳುತ್ತದೆ. ಬ್ರಿಟನ್ನಿನ ಸೈನಿಕ ಇತಿಹಾಸಕಾರ ರಿಚರ್ಡ್ ಹೋಮ್ಸ್ 1996ರಲ್ಲಿ ಬಿ.ಬಿ.ಸಿ.ಗಾಗಿ ‘ವಾರ್ ವಾಕ್ಸ್’ ಎಂಬ ಸರಣಿಯನ್ನು ಆರಂಭಿಸಿ, ಹಳೆಯ ರಣಭೂಮಿಗಳಲ್ಲಿ ಹೀಗೆ ನಡೆದು ತೋರಿಸಿದರು. ಅಮೆರಿಕದ ಗೆಟಿಸ್‌ಬರ್ಗಿನಲ್ಲಿ 1863ರ ಜುಲೈ 1ರಿಂದ 3ರವರೆಗೆ ಕಾಳಗ ನಡೆಯಿತು. ಅಲ್ಲಿ ಪ್ರವಾಸಿಗಳಿಗೆ ದಾರಿ ತೋರುವವರು 1915ರಿಂದ ಪರವಾನಗಿ ಪಡೆದಿರಬೇಕು. ಕತೆ ಹೇಳುವುದಕ್ಕೂ ಪರೀಕ್ಷೆಯುಂಟೆಂಬ ಸಂಗತಿ ಮಾಸ್ತರರ ಮನಸ್ಸಿಗೆ ಬಹಳ ಒಪ್ಪಿತು.

ಬೆಲ್ಜಿಯಮ್ಮಿನ ವಾಟರ್ಲೂ ಅವರ ಅಚ್ಚುಮೆಚ್ಚಿನ ಕ್ಷೇತ್ರ. 1815ರ ಜೂನ್ 18ರಂದು ನೆಪೋಲಿಯನ್ ಸೋತ ಆ ಬಯಲಿನಲ್ಲಿ ಈಗ ನಲವತ್ತು ಮೀಟರಿಗೂ ಎತ್ತರದ ಮಣ್ಣಿನ ದಿಬ್ಬವಿದೆ. ಅದರ ತುದಿಯಲ್ಲಿ ಸಿಂಹದ ಪ್ರತಿಮೆ. ಹತ್ತಲು 226 ಮೆಟ್ಟಿಲು. ಈ ಸ್ಮಾರಕವನ್ನು ಕಟ್ಟಲು ಬೇಕಾದ ಮಣ್ಣನ್ನು ಯುದ್ಧಭೂಮಿಯಿಂದಲೇ ಅಗೆದರು. ಯಾವ ಏರಿನ ಮರೆಯಲ್ಲಿ ವೆಲಿಂಗ್ಟನ್ನನು ಸೈನ್ಯವನ್ನು ಅಡಗಿಸಿ ನಿಲ್ಲಿಸಿದ್ದನೋ ಆ ಏರಿನ ಒಂದು ಭಾಗವೇ ಹೀಗೆ ಸವೆದುಹೋಯಿತು. ನೆನಪನ್ನು ಉಳಿಸಹೋಗಿ ನೆನಪಿನ ನೆಲವನ್ನೇ ಕಳೆದುಕೊಂಡ ಕತೆಯಿದು ಎಂದು ಮಾಸ್ತರರು ತಲೆದೂಗುತ್ತಾರೆ. ಫ್ರಾನ್ಸಿನ ಸೋಮ್ ನದಿಯ ದಂಡೆಯ ಕತೆ ಇನ್ನೂ ದಾರುಣ. 1916ರ ಜುಲೈ 1ರ ಒಂದೇ ದಿನ ಅಲ್ಲಿ 19 ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಅಲ್ಲಿಯ ರೈತರ ನೇಗಿಲಿಗೆ ಇಂದಿಗೂ ಸಿಡಿಯದ ತೋಪಿನ ಗುಂಡುಗಳು ಸಿಕ್ಕುತ್ತವೆ. ಅವನ್ನು ಹೊಲದ ಅಂಚಿಗೆ ತಂದಿಟ್ಟರೆ ಸರಕಾರದವರು ಬಂದು ಒಯ್ಯುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೆ ಮಾಸ್ತರರ ಕಣ್ಣು ಸಹಜವಾಗಿಯೇ ತಮ್ಮ ನೆಲದ ಕಡೆ ಹೊರಳಿತು. ನವಲಗುಂದ, ಅಣ್ಣಿಗೇರಿಗಳ ಎರೆನೆಲವೆಂದರೆ ಕಣ್ಣು ಹಾಯುವಷ್ಟು ದೂರ ಸಮತಟ್ಟು. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ. ಸೇನಾಪತಿ ನಿಂತು ನೋಡಲು ಏರಿಲ್ಲ, ಅಡಗಲು ಕಾಡಿಲ್ಲ. ಆದರೂ ಈ ನೆಲದ ಮೇಲೆ ತುಳಿದಾಡದ ದಂಡಿಲ್ಲ. ಕಲ್ಯಾಣದ ಚಾಲುಕ್ಯರ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರನು ಅಣ್ಣಿಗೇರಿಯಿಂದ ಆಳಿದನು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ವೀರಬಲ್ಲಾಳನು ಸೇವುಣರ ಭಿಲ್ಲಮನನ್ನು ಗದಗಿನ ಬಳಿಯ ಸೊರಟೂರಿನಲ್ಲಿ ಸೋಲಿಸಿದನು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದನು. 1858ರಲ್ಲಿ ನರಗುಂದದ ಬಾಬಾಸಾಹೇಬರು ಕಂಪನಿ ಸರಕಾರದ ವಿರುದ್ಧ ಎದ್ದು, ಕೊನೆಗೆ ಗಲ್ಲಿಗೇರಿದರು. ವಾಟರ್ಲೂವಿಗೆ ಯಾವುದರಲ್ಲಿ ಕಡಿಮೆ? ಕೊರತೆಯೆಂದರೆ ಒಂದೇ, ಮಾರ್ಗದರ್ಶಿಯದು. ಆ ಸ್ಥಾನವನ್ನು ಮಾಸ್ತರರು ಪರವಾನಗಿಯಿಲ್ಲದೆಯೇ ತುಂಬಿದರು. ಪ್ರವಾಸಿ ಒಬ್ಬರೇ, ಅವರ ಮನೆಯವರು. ಅವರಿಗೆ ರಾತ್ರಿಯ ಹೊತ್ತು ಮೆಂತ್ಯದ ಸೊಪ್ಪು ಸೋಸುವ ಕೆಲಸವಿದ್ದುದರಿಂದ ಎದ್ದು ಹೋಗುವ ಉಪಾಯವಿರಲಿಲ್ಲ.

ಒಂದು ರಾತ್ರಿ ಧಾರವಾಡದ ಮುತ್ತಿಗೆಯ ಸರದಿ ಬಂದಿತು. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡು, ಕ್ಯಾಪ್ಟನ್ ಲಿಟ್ಲ್ ಎಂಬವನ ಇಂಗ್ಲಿಷ್ ತುಕಡಿಯೊಡನೆ ಬಂದು ಧಾರವಾಡದ ಕೋಟೆಯನ್ನು ಮುತ್ತಿತು. ಟೀಪೂವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನನು ಆರು ತಿಂಗಳಿಗೂ ಮಿಕ್ಕಿ ಕೋಟೆಯನ್ನು ಕಾಯ್ದು, 1791ರ ಏಪ್ರಿಲಿನಲ್ಲಿ ಬಿಟ್ಟುಕೊಟ್ಟನು. ಇಂಗ್ಲಿಷ್ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿ ಈ ಮುತ್ತಿಗೆಯ ವೃತ್ತಾಂತವನ್ನು ಬರೆದು 1794ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. ತೋಪಿಗೆ ಮದ್ದು ತುಂಬಿದ ಮೇಲೆ ಗೋಲಂದಾಜರೆಲ್ಲ ಕುಳಿತು ಅರ್ಧ ಗಂಟೆ ಹೊಗೆ ಸೇದುತ್ತ ಹರಟುತ್ತಿದ್ದರಂತೆ. ಬಳಿಕ ಒಮ್ಮೆ ಹಾರಿಸಿ, ಧೂಳೆದ್ದರೆ ತೃಪ್ತಿಪಟ್ಟು, ಮತ್ತೆ ಹರಟೆಗೆ ಕೂರುತ್ತಿದ್ದರಂತೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆಯವರು ತೋಪು ಹಾರಿಸುವುದೇ ಅಪರೂಪ. ಅದು ಊಟದ ಹೊತ್ತು!

ಮಾಸ್ತರರು ಇದನ್ನು ಅಭಿನಯಪೂರ್ವಕವಾಗಿ ಹೇಳಿ ನಕ್ಕರು. ಮನೆಯಾಕೆಯೂ ನಕ್ಕರು. ನಕ್ಕು, ಸೊಪ್ಪಿನ ಕಡ್ಡಿಯನ್ನು ಬದಿಗಿಟ್ಟು ಕೇಳಿದರು:

“ಅಲ್ರೀ, ಅಷ್ಟು ಮಂದಿ ಆರು ತಿಂಗಳ ಕುಂತು ಉಂಡ್ರಂತೀರಲ್ಲ, ಜ್ವಾಳ ಎಲ್ಲಿಂದ ಬಂತು? ರೊಟ್ಟಿ ಯಾರು ಬಡದ್ರು?”

“ಲಮಾಣ್ಯಾರು ಎತ್ತಿನ ಮ್ಯಾಲೆ ಹೇರಿಕೊಂಡು ಬರತಿದ್ರು. ಅದೆಲ್ಲಾ ವ್ಯವಸ್ಥಾ ಇರ್ತಿತ್ತು,” ಎಂದರು ಮಾಸ್ತರರು.

“ಲಮಾಣ್ಯಾರು ಹೇರಿಕೊಂಡು ಬರಾಕ ಯಾರರ ಬೆಳದಿರಬೇಕಲ್ರೀ. ಒಯ್ದ ಮ್ಯಾಲೆ ಆ ಬೆಳದವರು ಏನುಂಡ್ರು?”

ಈ ಪ್ರಶ್ನೆಗೆ ಗೆಟಿಸ್‌ಬರ್ಗಿನ ಮಾರ್ಗದರ್ಶಿಯಾದರೂ ಒಂದು ಕ್ಷಣ ತಡವರಿಸುತ್ತಿದ್ದನೋ ಏನೋ. ಟೆಲಿವಿಷನ್ನಿನ ನಕ್ಷೆಯ ಮೇಲೆ ಸೈನ್ಯವೆಂದರೆ ಒಂದು ಬಾಣದ ಗುರುತು. ಬಾಣಕ್ಕೆ ಹೊಟ್ಟೆಯಿಲ್ಲ, ಅದು ಹೊಲದ ಮೇಲೆ ಹಾಯ್ದು ಹೋದರೆ ಹೊಲ ಹಾಳಾಗುವುದಿಲ್ಲ. ನಿಜವಾದ ದಂಡು ಹಾಗಲ್ಲ. ಅದರ ಕುದುರೆಗಳಿಗೆ ಬಣವಿ ಬೇಕು, ಎತ್ತುಗಳಿಗೆ ಕಣಿಕೆ ಬೇಕು, ಸಿಪಾಯಿಗೂ ಅವನ ಬೆನ್ನುಹತ್ತಿದ ಪರಿವಾರಕ್ಕೂ ಕಾಳು ಬೇಕು. ರೈತನು ಹಗೇವಿನಲ್ಲಿ ಹೂಳಿಟ್ಟ ಜೋಳವು ಮಳೆಯ ಕಣ್ಣಿನಿಂದ ಬದುಕುತ್ತದೆ, ಹುಳುವಿನ ಬಾಯಿಂದ ಬದುಕುತ್ತದೆ. ಹಸಿದ ದಂಡಿನ ಮೂಗಿನಿಂದ ಬದುಕುವುದಿಲ್ಲ. ಧಾರವಾಡದ ಕೋಟೆ ಬಿದ್ದ ಮರುವರ್ಷವೇ, 1791–92ರಲ್ಲಿ, ಈ ಸೀಮೆಯನ್ನು ಭೀಕರವಾದ ಕ್ಷಾಮ ಹಿಡಿಯಿತು. ಮಳೆ ಹೋದದ್ದು ಮೊದಲ ಕಾರಣ. ದಂಡುಗಳ ಓಡಾಟ ಅದರ ಮೇಲಿನ ಬರೆ. ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳಿಂದ ನೆಲ ತುಂಬಿತೆಂದು ಜನ ಅದನ್ನು ಡೋಗಿ ಬರವೆಂದು, ಬುರುಡೆಗಳ ಬರವೆಂದು ಕರೆದರು. ಮುತ್ತಿಗೆಯ ತಾರೀಖುಗಳನ್ನು ಮಾಸ್ತರರು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದರು. ಬರದ ತಾರೀಖು ಪಠ್ಯದಲ್ಲಿ ಇರಲಿಲ್ಲ.

ಬುರುಡೆ ಎಂಬ ಮಾತು ಅಣ್ಣಿಗೇರಿಯವರಿಗೆ ಬರಿಯ ಮಾತಲ್ಲ. 2010ರಲ್ಲಿ ಊರಿನಲ್ಲಿ ಚರಂಡಿಗಾಗಿ ಅಗೆಯುತ್ತಿದ್ದಾಗ ನೆಲದೊಳಗಿನಿಂದ ಮನುಷ್ಯರ ತಲೆಬುರುಡೆಗಳು ಹೊರಬಿದ್ದವು. ಒಂದೆರಡಲ್ಲ, ಸಾಲುಸಾಲಾಗಿ ಜೋಡಿಸಿಟ್ಟ ನೂರಾರು. ಊರಿಗೆ ಊರೇ ನೋಡಲು ಕೂಡಿತು. ಯಾವುದೋ ಘೋರ ಯುದ್ಧದ ಕೊಲೆಯೆಂದು ಕೆಲವರೆಂದರು. ಬರಗಾಲದಲ್ಲಿ ಸತ್ತವರ ಅವಶೇಷವೆಂದು ಕೆಲವರೆಂದರು. ಪುರಾತತ್ತ್ವದವರು ಬಂದರು, ಪರೀಕ್ಷೆಗಳು ನಡೆದವು, ವಾದಗಳೂ ನಡೆದವು. ಪೇಟೆಯ ಚಹಾದಂಗಡಿಗಳಲ್ಲಿ ಅಂದು ಎದ್ದು ಕೇಳುತ್ತಿದ್ದ ದನಿ ಯುದ್ಧದ ಪಕ್ಷದ್ದು. ಅದಕ್ಕೆ ಕಾರಣವೂ ಇದೆ. ಯುದ್ಧದಲ್ಲಿ ಸತ್ತವನಿಗೆ ಒಬ್ಬ ವೈರಿಯಿರುತ್ತಾನೆ, ಒಂದು ಧ್ವಜವಿರುತ್ತದೆ, ಸಾವಿಗೊಂದು ಹೆಸರಿರುತ್ತದೆ. ಹಸಿವಿನಿಂದ ಸತ್ತವನಿಗೆ ಇವಾವುವೂ ಇಲ್ಲ. ಸೋಮ್ ನದಿಯ ರೈತನು ನೇಗಿಲಿಗೆ ಸಿಕ್ಕ ಗುಂಡನ್ನು ಹೊಲದ ಅಂಚಿಗಿಟ್ಟು ಹೋಗಬಲ್ಲ. ಈ ಬುರುಡೆಗಳನ್ನು ಯಾವ ಅಂಚಿಗಿಡಬೇಕು? ಮನೆಯಾಕೆಯ ಪ್ರಶ್ನೆಯಿಂದೀಚೆಗೆ ಮಾಸ್ತರರು ಆ ಹಾದಿಯಲ್ಲಿ ನಡೆದಾಗಲೆಲ್ಲ ಹೆಜ್ಜೆ ನಿಧಾನಿಸುತ್ತಾರೆ.

ಹಾಗಾದರೆ ಈ ನೆಲದ ಯುದ್ಧಗಳಿಗೆ ಮಾರ್ಗದರ್ಶಿಯೇ ಇಲ್ಲವೆ? ಇದ್ದಾನೆ, ಒಂದೂರಿನಲ್ಲಿ ಹನುಮಪ್ಪನ ಗುಡಿಯ ಪಕ್ಕದಲ್ಲಿ, ಇನ್ನೊಂದೂರಿನಲ್ಲಿ ಕೆರೆಯ ದಂಡೆಯ ಮೇಲೆ, ಮೈಗೆ ಎಣ್ಣೆ ಸುಣ್ಣ ಬಳಿಸಿಕೊಂಡು ಮೌನವಾಗಿ ನಿಂತಿದ್ದಾನೆ. ಅವನೇ ವೀರಗಲ್ಲು. ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದಿರುತ್ತಾನೆ, ನೆತ್ತಿಯ ಮೇಲೆ ಸೂರ್ಯಚಂದ್ರರು. ಕೆಳಗಿನ ಪಟ್ಟಿಕೆಯಲ್ಲಿ ಎಷ್ಟೋ ಸಲ ದನಗಳ ಹಿಂಡು ಕಾಣುತ್ತದೆ. ಶಾಸನಗಳು ಹೇಳುವ ಜಗಳಗಳೂ ಅಂಥವೇ: ತುರುಗೋಳ್, ಎಂದರೆ ದನಗಳ ಅಪಹರಣ, ಪೆಣ್ಬುಯ್ಯಲ್, ಎಂದರೆ ಹೆಣ್ಣುಮಕ್ಕಳ ಮೊರೆ, ಊರಳಿವು, ಎಂದರೆ ಊರು ನಾಶವಾಗುವ ಹೊತ್ತು. ಸಾಮ್ರಾಜ್ಯ ಗೆದ್ದವನ ಕತೆ ಇಲ್ಲಿಲ್ಲ. ಊರಿನ ದನಗಳನ್ನು ಮರಳಿಸಿ ತಾನು ಸತ್ತವನ ಕತೆಯಿದೆ. ಕೆಲವು ಕಲ್ಲುಗಳ ಮೇಲೆ ಹೆಸರೂ ಇದೆ. ದೇಶದ ನಾನಾ ಕಡೆಗಳ ಇಂಥ ಸ್ಮಾರಕ ಶಿಲೆಗಳನ್ನು ಕುರಿತು ಷ. ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ ದೊಡ್ಡ ಗ್ರಂಥವು 1982ರಲ್ಲಿ ಧಾರವಾಡದಿಂದಲೇ ಹೊರಬಂದಿತು.

ಸೂಟಿಗೆ ಬಂದ ಮೊಮ್ಮಗನನ್ನು ಮಾಸ್ತರರು ಇಂಥದೊಂದು ಕಲ್ಲಿನ ಮುಂದೆ ನಿಲ್ಲಿಸಿದರು. ಹುಡುಗನು ಬಹಳ ಹೊತ್ತು ನೋಡಿ, “ಅಜ್ಜಾ, ಇದರಾಗ ಯಾರು ಗೆದ್ರು?” ಎಂದು ಕೇಳಿದನು.

“ಗೆದ್ದವರ ಹೆಸರು ಇದರಾಗಿಲ್ಲಪ್ಪಾ. ಆಕಳ ಮನಿಗೆ ಬಂದ್ವು, ಅಷ್ಟ ಐತಿ,” ಎಂದರು ಮಾಸ್ತರರು.

ಆ ಕಲ್ಲುಗಳ ಕಾಲ ಮುಗಿದುಹೋಯಿತೆಂದು ಯಾರೂ ತಿಳಿಯಬೇಕಾಗಿಲ್ಲ. 1980ರ ಜುಲೈ 21ರಂದು ಮಲಪ್ರಭೆಯ ಕಾಲುವೆಗಳ ಕರದ ವಿರುದ್ಧ ನವಲಗುಂದ ನರಗುಂದಗಳ ರೈತರು ಎದ್ದಾಗ ಗೋಲಿಬಾರಾಯಿತು. ರೈತರು ಸತ್ತರು, ಪೊಲೀಸರ ಮನೆಗಳಲ್ಲಿಯೂ ಅಳು ಕೇಳಿಸಿತು. ಸತ್ತ ರೈತರಿಗಾಗಿ ಜನ ನಿಲ್ಲಿಸಿದ ಸ್ಮಾರಕವನ್ನು ವೀರಗಲ್ಲು ಎಂದೇ ಕರೆದರು. ಪ್ರತಿ ವರ್ಷ ಆ ದಿನ ರೈತರು ಕೂಡಿ ಅದಕ್ಕೆ ಮಾಲೆ ಹಾಕುತ್ತಾರೆ. ಸಾವಿರ ವರ್ಷದ ಮಾತೊಂದು ಹೀಗೆ ಬೇಸಾಯಗಾರನ ಬಾಯಲ್ಲಿ ಬದುಕಿ ಉಳಿದಿದೆ. ಇಲ್ಲಿಯೂ ಜಗಳದ ಮೂಲ ನೆಲ, ನೀರು, ಹೊಟ್ಟೆಯ ಅನ್ನ.

ಮಾಸ್ತರರು ಟೆಲಿವಿಷನ್ ನೋಡುವುದನ್ನೇನೂ ಬಿಟ್ಟಿಲ್ಲ. ಬಿಡಬೇಕಾದ ಕಾರಣವೂ ಇಲ್ಲ. ನೆಲವನ್ನು ಓದಬಹುದೆಂಬ ವಿದ್ಯೆಯನ್ನು ಕಲಿಸಿದವರು ಆ ಗಾಳಿಗೂದಲಿನ ಮಾರ್ಗದರ್ಶಿಗಳೇ ಅಲ್ಲವೆ? ಆದರೆ ಅವರು ಕದನಗಳನ್ನು ಬರೆದಿಡುವ ವಹಿಯಲ್ಲಿ ಈಗೊಂದು ಮನೆ ಹೆಚ್ಚಾಗಿದೆ. ಇಸವಿ, ಸ್ಥಳ, ಸೇನಾಪತಿ, ಗೆದ್ದವರು, ಸೋತವರು ಎಂಬ ಐದು ಮನೆಗಳ ಪಕ್ಕದಲ್ಲಿ ಆರನೆಯದಾಗಿ ‘ಊಟ’ ಎಂದು ಬರೆದು ಗೆರೆ ಎಳೆದಿದ್ದಾರೆ. ಧಾರವಾಡದ ಸಾಲಿನಲ್ಲಿ ಅದು ತುಂಬಿದೆ. ಸೊರಟೂರಿನದು ಇನ್ನೂ ಬರಿದಾಗಿದೆ. ಅದಕ್ಕಾಗಿ ಅವರು ಶಾಸನಗಳ ಪುಸ್ತಕಗಳನ್ನು ತರಿಸಿಕೊಂಡು ಓದುತ್ತಿದ್ದಾರೆ. ತುಂಬಿದಷ್ಟನ್ನು ರಾತ್ರಿ ಓದಿ ಹೇಳಿದಾಗ ಮನೆಯಾಕೆ ಸೊಪ್ಪು ಸೋಸುವ ಕೈಯನ್ನು ನಿಲ್ಲಿಸಿ ಕೇಳುತ್ತಾರೆ.