ಅಂಚಿನಲ್ಲಿ ಬರೆದದ್ದು

ಕುಸನೂರ ರಸ್ತೆಯಲ್ಲಿ, 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣಕ್ಕಿಂತ ಸ್ವಲ್ಪ ಈಚೆ, ನಿವೃತ್ತ ಮಾಸ್ತರರೊಬ್ಬರ ಮನೆಯ ಪಡಸಾಲೆಯಲ್ಲಿ ನಮ್ಮ ಬರವಣಿಗೆಯ ತರಗತಿ. ಭಾನುವಾರಕ್ಕೊಮ್ಮೆ ಸೇರುವ ನಾವು ಏಳು ಮಂದಿ ಹುಡುಗಿಯರು. ಪ್ರಬಂಧವನ್ನು ನೇರವಾಗಿ ಮಾಸ್ತರರ ಕೈಗೆ ಕೊಡುವಂತಿಲ್ಲ. ಮೊದಲು ಗೆಳತಿಯರು ಓದಿ ಅಂಚಿನಲ್ಲಿ ಬರೆಯಬೇಕು. ಅಲ್ಲಿಯ ತನಕ ಬರೆದವಳು ಬಾಯಿ ಬಿಡಬಾರದು. ಹಾಗೆ ಕೂರುವುದು ಎಷ್ಟು ಕಷ್ಟವೆಂಬುದು ಕೂತವರಿಗೇ ಗೊತ್ತು!

ನಮ್ಮಲ್ಲೊಬ್ಬಳು ತಂದೆಯ ಬಗ್ಗೆ ಬರೆದಿದ್ದಳು. ಮನೆಯಲ್ಲಿ ದಖನಿ ಮಾತನಾಡುವ ಹುಡುಗಿ. 'ನನ್ನ ಪೂಜ್ಯ ತಂದೆಯವರು ಉದ್ಯಮವೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ' ಎಂದು ಶುರು. ನಾವು ಕೆಂಪು ಪೆನ್ನು ಹಿಡಿದು ಅಲ್ಪಪ್ರಾಣ, ಮಹಾಪ್ರಾಣಗಳನ್ನೆಲ್ಲ ತಿದ್ದಿ, ದೊಡ್ಡ ಪಂಡಿತರಂತೆ ಹಾಳೆ ಹಿಂತಿರುಗಿಸಿದೆವು. ಮುಂದಿನ ಎರಡು ಭಾನುವಾರ ಅವಳು ಬರಲಿಲ್ಲ.

ಮಾಸ್ತರರು ಬೈಯಲಿಲ್ಲ. ಉರ್ದು ಕವಿಗಳಲ್ಲಿ ಶಿಷ್ಯರು ತಮ್ಮ ಪದ್ಯವನ್ನು ಉಸ್ತಾದರಿಗೆ ತೋರಿಸಿ 'ಇಸ್ಲಾಹ್' ಪಡೆಯುವ ಪದ್ಧತಿಯನ್ನು ನೆನಪಿಸಿದರು. ನಮ್ಮದೇ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದ, 9ನೇ ಶತಮಾನದ ಕವಿರಾಜಮಾರ್ಗವೂ ಕಾವ್ಯದ ದೋಷಗಳ ಜೊತೆ ಗುಣಗಳನ್ನೂ ಹೇಳಿದೆ ಎಂದರು. 'ನೀವು ಬರೇ ಅಕ್ಷರ ನೋಡೀರಿ. ಅದರಾಗ ಅವರಪ್ಪ ಎಲ್ಲಿ ಅದಾರ ಅಂತ ಯಾರರೆ ಕೇಳೀರೇನು?'

ನಾವು ಅವಳ ಮನೆಗೆ ಹೋದೆವು. ಚಹಾ ಬಂತು. ಬಹಳ ಹೊತ್ತಿನ ಮೇಲೆ ಹೇಳಿದಳು: ಅಬ್ಬಾ ಬೇಳೆ ಮಿಲ್ಲಿನಲ್ಲಿ ಹಮಾಲರು. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತೆಂದು ಹೆಮ್ಮೆಯಿಂದ ಪ್ರಬಂಧ ಬರೆದವರು ನಾವು. ಅದನ್ನು ಹೊತ್ತ ಬೆನ್ನು ನಮ್ಮ ಯಾರ ಹಾಳೆಯಲ್ಲೂ ಇರಲಿಲ್ಲ.

'ಬರೆದರೆ ಅಬ್ಬಾಗ ನೋವಾಗ್ತದ' ಎಂದಳು. ಇಲ್ಲಿ ನಮ್ಮ ಬಾಯಿ ಕಟ್ಟಿತು. 'ಇನ್ನಷ್ಟು ಬಿಡಿಸಿ ಬರೆ' ಎಂದು ಅಂಚಿನಲ್ಲಿ ಗೀಚುವುದು ಸುಲಭ. ಬಿಡಿಸಬೇಕಾದದ್ದು ಅವಳ ಮನೆಯ ಮಾನ. ಮೊದಲು ಅವರಿಗೇ ಓದಿ ಹೇಳು, ಬೇಡವೆಂದರೆ ಬಿಟ್ಟುಬಿಡು ಎಂದೆವು.

ಎರಡನೆಯ ಕರಡಿನಲ್ಲಿ 'ಪೂಜ್ಯ ತಂದೆಯವರು' ಹೋಗಿ 'ಅಬ್ಬಾ' ಬಂದಿದ್ದರು. 'ಹಮಾಲ' ಬೇಡ, 'ಕಾರ್ಮಿಕ' ಎನ್ನೋಣವೆಂದು ನಮ್ಮಲ್ಲೊಬ್ಬಳು ವಾದಿಸಿದಳು. ಅರಬಿಯಿಂದ ಬಂದು ನಮ್ಮ ಮಂಡಿಗಳಲ್ಲಿ ಎಂದೋ ಕನ್ನಡವಾದ ಪದ ಅದು, ಉಳಿಯಿತು.

ಅದನ್ನವಳು ರಾತ್ರಿ ಊಟವಾದ ಮೇಲೆ ದಖನಿಯಲ್ಲಿ ಹೇಳುತ್ತ ಹೋದಳಂತೆ. ಅಬ್ಬಾ ಕಣ್ಣು ಮುಚ್ಚಿ ಕೇಳಿದರು. ಒಂದೇ ಕಡೆ ತಡೆದರು. ಅವಳು 50 ಕಿಲೊ ಚೀಲ ಎಂದು ಬರೆದಿದ್ದಳು. 'ನಮ್ಮ ವಯಸ್ಸಿನಾಗ ಕ್ವಿಂಟಾಲ್ ಚೀಲ ಹೊತ್ತೀವಿ, ಹಂಗೇ ಬರಿ' ಎಂದರಂತೆ.

ಆ ಹಾಳೆ ಈಗ ನಮ್ಮ ಕಡತದಲ್ಲಿದೆ. 50 ಹೊಡೆದುಹಾಕಿ, ಅಂಚಿನಲ್ಲಿ ಪೆನ್ಸಿಲಿನಿಂದ 100 ಎಂದು ಬರೆದಿದೆ.